ನ್ಯೂ ವೇವ್ ಲೇಡಿ, ಮೂರನೆಯ ಕ್ಯಾಸೆಟ್

ಹೋದ ವಾರ ಮಾಲೂರಿನ ನಮ್ಮ ಬೀದಿಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆಗೆ ಕೂತಿದ್ದೆ. ಅಲ್ಲಿನ ಹುಡುಗಿ ಹತ್ತಿಯ ಉಂಡೆಯನ್ನು ಸ್ಪಿರಿಟ್‌ಗೆ ಅದ್ದಿ ನನ್ನ ತೋಳಿಗೆ ಉಜ್ಜಿದಳು. ಸೂಜಿ ಇನ್ನೂ ಚುಚ್ಚಿರಲಿಲ್ಲ, ಅಷ್ಟರಲ್ಲೇ ನನಗೆ ಮೈಯೆಲ್ಲ ಸಿಟ್ಟು ಬಂತು. "ಯಾಕ್ ಮೇಡಂ, ಬಿಪಿ ಇದ್ಯಾ?" ಎಂದಳು. ಇದೆ. ಆದರೆ ಆವತ್ತು ಬಂದದ್ದು ಬಿಪಿಯಲ್ಲ, ಹೋದ ವರ್ಷದ ಮಾವಿನ ಕಾಲ.

ಸ್ಪಿರಿಟ್‌ಗೂ ಮಾವಿಗೂ ಏನು ಸಂಬಂಧ ಎಂದು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ನಾನು ಮುಳಬಾಗಿಲಿನ ಅರ್ಚಕರ ಮನೆಯ ಮಗಳು. ಎಂಬತ್ತರ ದಶಕದ ನಡುವಿನಲ್ಲಿ ಕೋಲಾರದ ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಎಸ್ಸಿ. ಓದುತ್ತಿದ್ದೆ. ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು ಶಮೀಮ್. ಅವಳ ಅಣ್ಣ ಇಲಿಯಾಸ್ ಭಾಯಿ ಕ್ಲಾಕ್ ಟವರ್ ಹತ್ತಿರ ಕ್ಯಾಸೆಟ್ ಅಂಗಡಿ ಇಟ್ಟಿದ್ದರು. ಅಂಗಡಿ ಎಂದರೆ ಇಬ್ಬರು ನಿಂತರೆ ಮೂರನೆಯವರು ಬೀದಿಯಲ್ಲಿ ನಿಲ್ಲಬೇಕು, ಅಷ್ಟೇ ಜಾಗ. ಒಳಗೆ ಎರಡು ಡೆಕ್. ಒಂದರಲ್ಲಿ ಅಸಲಿ ಕ್ಯಾಸೆಟ್ ಹಾಡಿಸಿ ಇನ್ನೊಂದರಲ್ಲಿ ಖಾಲಿ ಕ್ಯಾಸೆಟ್‌ಗೆ ತುಂಬುವುದು. ಪ್ರತಿ ಸಲ ತುಂಬುವ ಮೊದಲು ಭಾಯಿ ಹತ್ತಿಗೆ ಸ್ಪಿರಿಟ್ ಹಚ್ಚಿಕೊಂಡು ಟೇಪು ತಾಗಿ ಓಡುವ ಡೆಕ್ಕಿನ ಹೆಡ್ ಒರೆಸುತ್ತಿದ್ದರು, ನಮಾಜಿಗೆ ಮೊದಲು ಕೈಕಾಲು ತೊಳೆಯುವಷ್ಟು ಶ್ರದ್ಧೆಯಿಂದ. ಆ ಅಂಗಡಿಯ ಬಾಗಿಲಿಗೆ ಬಂದರೆ ಮೊದಲು ಹಾಡು ಕೇಳಿಸುತ್ತಿರಲಿಲ್ಲ, ಸ್ಪಿರಿಟ್ ವಾಸನೆ ಬರುತ್ತಿತ್ತು.

ಭಾಯಿಯ ಚಿಕ್ಕಪ್ಪನ ಮಗ ದುಬೈಯಲ್ಲಿದ್ದ. ರಜೆಗೆ ಬರುವಾಗ ಒಂದೆರಡು ಇಂಗ್ಲಿಷ್ ಕ್ಯಾಸೆಟ್ ತರುತ್ತಿದ್ದ. ಅದರಲ್ಲಿ ಒಬ್ಬ ಗಾಯಕಿಯ ಆಲ್ಬಂ ಇತ್ತು. ಹೊರಗಿನ ಡಬ್ಬಿ ಎಲ್ಲೋ ಕಳೆದುಹೋಗಿ ಬರೀ ಕ್ಯಾಸೆಟ್ ಬಂದಿತ್ತು, ಅದರ ಮೇಲಿನ ಅಚ್ಚೂ ಅಳಿಸಿತ್ತು. "ಇದು ನ್ಯೂ ವೇವ್, ಅಲ್ಲೆಲ್ಲ ಈಗ ಇದೇ ನಡೀತಿರೋದು" ಎಂದಷ್ಟೇ ಅವನು ಹೇಳಿದನಂತೆ. ಭಾಯಿ ತಾವು ತುಂಬಿದ ಪ್ರತಿಗಳ ಮೇಲೆ ಹಸಿರು ಇಂಕಿನಲ್ಲಿ 'ನ್ಯೂ ವೇವ್ ಲೇಡಿ-1' ಎಂದು ಬರೆದರು. ಮುಂದಿನ ವರ್ಷ ಎರಡು ಬಂತು, ಆಮೇಲೆ ಮೂರು. ಅವಳ ನಿಜವಾದ ಹೆಸರು ಈಗ ನನಗೆ ಗೊತ್ತಿದೆ, ಆದರೆ ಇಲ್ಲಿ ಬರೆಯುವುದಿಲ್ಲ. ಬರೆದರೆ ನೀವು ಫೋನಿನಲ್ಲಿ ಹುಡುಕಿ ಕೇಳಿ, ಓ ಇವಳೇನಾ ಎನ್ನುತ್ತೀರಿ. ನಿಮಗೆ ಅಲ್ಲಿ ಸಿಗುವವಳು ನಮ್ಮ ಲೇಡಿಯಲ್ಲ.

ನಮ್ಮ ಲೇಡಿ ನಿಧಾನವಾಗಿ ಹಾಡುತ್ತಿದ್ದಳು. ದಪ್ಪ ದನಿ. ಒಂದೊಂದು ಮಾತನ್ನೂ ಹೇಳಲೋ ಬೇಡವೋ ಎನ್ನುವ ಹಾಗೆ ಎಳೆದು ಹೇಳುತ್ತಿದ್ದಳು. ಇಂಗ್ಲಿಷ್ ಅರ್ಧವೂ ತಿಳಿಯುತ್ತಿರಲಿಲ್ಲ, ದುಃಖ ಮಾತ್ರ ಪೂರ್ತಿ ತಿಳಿಯುತ್ತಿತ್ತು. ಶಮೀಮಳಂತೂ ಲೇಡಿಗೆ ಏನಾಗಿರಬಹುದು ಎಂದು ದಿನಕ್ಕೊಂದು ಕತೆ ಕಟ್ಟುತ್ತಿದ್ದಳು. ಗಂಡ ಬಿಟ್ಟ ಎಂದು ಒಂದು ದಿನ, ಮಗು ಹೋಯಿತು ಎಂದು ಇನ್ನೊಂದು ದಿನ. ನಮ್ಮ ಜೊತೆ ಇನ್ನೊಬ್ಬ ಭಕ್ತನಿದ್ದ. ಶ್ರೀನಿವಾಸಪುರದ ಮಾವಿನ ತೋಟದ ಮನೆಯ ಗೋಪಾಲರೆಡ್ಡಿ. ಸೈಕಲ್ ಹೊಡೆದುಕೊಂಡು ಅಂಗಡಿಗೆ ಬಂದು, ನಮ್ಮ ಕಡೆ ನೋಡದೆ, ಗೋಡೆ ನೋಡಿಕೊಂಡು ಹಾಡು ಕೇಳಿ ಹೋಗುತ್ತಿದ್ದ.

ಒಂದು, ಎರಡು ಊರೆಲ್ಲ ಹಂಚಿಹೋಗಿ, ಕೇಳಿ ಕೇಳಿ ಸವೆದುಹೋದವು. ಮೂರನೆಯದನ್ನು ಆ ದುಬೈಯವನು ನಾಲ್ಕೇ ದಿನಕ್ಕೆ ತಂದು ವಾಪಸು ತೆಗೆದುಕೊಂಡು ಹೋದ. ಭಾಯಿ ತುಂಬಿದ್ದು ಒಂದೇ ಪ್ರತಿ. ಮೂವರೂ ಹದಿನೈದು ಹದಿನೈದು ದಿನ ಇಟ್ಟುಕೊಳ್ಳಿ ಎಂದರು. ಶಮೀಮ್ ಇಟ್ಟುಕೊಂಡಳು, ನಾನು ಇಟ್ಟುಕೊಂಡೆ, ರೆಡ್ಡಿ ಇಟ್ಟುಕೊಂಡ. ಅಲ್ಲಿಗೆ ಅದು ಮಾಯವಾಯಿತು. ಮುಳಬಾಗಿಲು ಬಸ್‌ಸ್ಟ್ಯಾಂಡಿನಲ್ಲಿ ನಿಮ್ಮ ಕೈಗೇ ಕೊಟ್ಟೆ ಎಂದ ರೆಡ್ಡಿ. ಕೊಟ್ಟಿಲ್ಲ ಎಂದೆ ನಾನು. ಪರೀಕ್ಷೆ ಬಂತು, ಮದುವೆಗಳಾದವು, ನಾನು ಮಾಲೂರಿನಲ್ಲಿ ಗಣಿತದ ಮೇಷ್ಟ್ರಾದೆ. ಭಾಯಿ ತೀರಿಕೊಂಡರು. ಆ ಅಂಗಡಿಯಲ್ಲಿ ಈಗ ಮೊಬೈಲ್ ಕವರ್ ನೇತುಹಾಕಿದ್ದಾರೆ. ಮೂವತ್ತೊಂಬತ್ತು ವರ್ಷ ನಾನು ಮದುವೆ ಮುಂಜಿಗಳಲ್ಲಿ ರೆಡ್ಡಿ ಸಿಕ್ಕಾಗಲೆಲ್ಲ ಮುಖ ತಿರುಗಿಸಿಕೊಂಡು ಓಡಾಡಿದೆ. ಒಂದು ಕ್ಯಾಸೆಟ್‌ಗೋಸ್ಕರವಾ ಎಂದು ನೀವು ನಗಬಹುದು. ನಗಿ.

ಹೋದ ವರ್ಷ ಏಪ್ರಿಲ್ ಕೊನೆಗೆ ಶಮೀಮಳಿಂದ ಮೆಸೇಜು ಬಂತು: "ಲೇಡಿ ಸಿಕ್ಕಿದ್ಲು." ಕೆಳಗೆ ಮೂರು ಲಿಂಕು. ಬಾಯಿಪಾಠವಿದ್ದ ಸಾಲೊಂದನ್ನು ಫೋನಿನಲ್ಲಿ ಬರೆದು ಹುಡುಕಿದ್ದಳಂತೆ. ಮೂರು ಆಲ್ಬಮ್ಮೂ ಯಾರೋ ಪುಣ್ಯಾತ್ಮರು ಹೊಸದಾಗಿ ಪಾಲಿಶ್ ಮಾಡಿ ಇಂಟರ್‌ನೆಟ್ಟಿಗೆ ಹಾಕಿದ್ದರು. ಭಾನುವಾರ ಎಲ್ಲರೂ ರೆಡ್ಡಿಯ ತೋಟದ ಮನೆಯಲ್ಲಿ ಸೇರಿ ಕೇಳೋಣ ಎಂದಳು. ರೆಡ್ಡಿಯ ಮನೆಯಾ ಎಂದು ನಾನು ಹಿಂದೆಮುಂದೆ ನೋಡಿದೆ. "ನನ್ನ ಬಲಗಿವಿ ಇರೋಷ್ಟ್ರೊಳಗೆ ಬಾರೇ ವಿಜಿ" ಎಂದು ಬರೆದಳು. ಆಗಲೇ ನನಗೆ ಗೊತ್ತಾದದ್ದು. ಎಡಗಿವಿ ಎರಡು ವರ್ಷದ ಹಿಂದೆಯೇ ಹೋಗಿತ್ತು, ಬಲದ್ದೂ ಹೋಗುತ್ತಿತ್ತು. ವರ್ಷ ದಾಟುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು.

ಹೊರಟೆ. ನರಸಾಪುರದ ಕ್ರಾಸಿನಲ್ಲಿ ಕಂಪನಿ ಬಸ್ಸುಗಳು ಸಾಲುಗಟ್ಟಿ ನಮ್ಮ ಬಸ್ಸು ಮುಕ್ಕಾಲು ಗಂಟೆ ನಿಂತಿತು. ಒಳಗೆ ಕಾದ ಹೆಂಚಿನ ಮೇಲೆ ಕೂತ ಹಾಗಿತ್ತು. ಶ್ರೀನಿವಾಸಪುರ ತಲುಪಿದಾಗ ಮಂಡಿಗಳ ಮುಂದೆ ಬಾದಾಮಿ ಮಾವಿನ ಕ್ರೇಟುಗಳು, ಟ್ರ್ಯಾಕ್ಟರುಗಳು, ಕೂಗಾಟ. ರೆಡ್ಡಿಯ ತಲೆ ಪೂರ್ತಿ ಬೆಳ್ಳಗಾಗಿತ್ತು. "ಬನ್ನಿ ಟೀಚರಮ್ಮಾ, ನಲವತ್ತು ವರ್ಷಕ್ಕೆ ಬಂದ್ರಿ" ಎಂದ. "ಮೂವತ್ತೊಂಬತ್ತು" ಎಂದೆ.

ಫೋನನ್ನು ಸ್ಪೀಕರಿಗೆ ಸೇರಿಸಿ ಮೊದಲ ಆಲ್ಬಂ ಹಾಕಿದೆವು. ಮೂವರೂ ಮುಖ ಮುಖ ನೋಡಿಕೊಂಡೆವು. ಇದ್ಯಾರು? ತೆಳ್ಳನೆಯ ದನಿಯ, ಚಟಪಟ ಎನ್ನುವ ಹುಡುಗಿಯೊಬ್ಬಳು ಕುಣಿಯುತ್ತಾ ಹಾಡುತ್ತಿದ್ದಾಳೆ. ಹಾಡು ಅದೇ, ರಾಗ ಅದೇ. ದುಃಖ ಎಲ್ಲಿ ಹೋಯಿತು? ಅವಳನ್ನು ಗಂಡ ಬಿಟ್ಟಿರಲಿಲ್ಲ, ಮಗು ಹೋಗಿರಲಿಲ್ಲ. ಅವಳು ಖುಷಿಯಾಗಿದ್ದಳು. ನನಗೆ ಮೋಸ ಹೋದ ಹಾಗಾಯಿತು. ಶಮೀಮ್ ಸ್ಪೀಕರಿಗೆ ಬಲಗಿವಿ ಒತ್ತಿಕೊಂಡು ಕೂತಿದ್ದಳು. ಆಮೇಲೆ ತಲೆಯೆತ್ತಿ, "ಏನೂ ಗೊತ್ತಾಗ್ತಿಲ್ಲ ಕಣೇ. ಚಮಚ ಲೋಟ ಬಡಿದಂಗೆ ಕೇಳ್ಸುತ್ತೆ, ಅಷ್ಟೇ" ಎಂದಳು. ಅವಳಿಗೆ ಮೊದಲು ಹೋಗಿರುವುದು ತೆಳು ಸದ್ದುಗಳಂತೆ. ಹಕ್ಕಿ, ಫೋನಿನ ರಿಂಗು, ಮೊಮ್ಮಕ್ಕಳ ಮಾತು ಕೇಳಿಸುವುದಿಲ್ಲ. ದಪ್ಪ ದನಿ ಇನ್ನೂ ಸ್ವಲ್ಪ ಉಳಿದಿದೆ. ಕಿವಿಗೆ ಮಿಷನ್ ಹಾಕಿಸಿದ್ದಾರೆ, ಅದು ಚಮಚದ ಸದ್ದನ್ನೇ ದೊಡ್ಡದು ಮಾಡುತ್ತದೆ.

ಹಾಗಾದರೆ ನಾವು ಕೇಳಿದ್ದೇನು? ರೆಡ್ಡಿ ಎದ್ದು ಎರಡು ಸಲ ಅತ್ತಿತ್ತ ಓಡಾಡಿ ತಲೆ ಚಚ್ಚಿಕೊಂಡ. "ಅಯ್ಯೋ ರಾಮಾ, ಅದು ನನ್ ಸೈಕಲ್ ಟ್ಯೂಬು ಕಣಮ್ಮಾ!"

ಕತೆ ಇಷ್ಟು. ಅಸಲಿ ಕ್ಯಾಸೆಟ್ ಹಾಡಿಸುವ ಡೆಕ್ಕಿನ ಬೆಲ್ಟು ಸವೆದು ಹರಿದುಹೋಗಿತ್ತು. ಹೊಸದು ಬೆಂಗಳೂರಿನಿಂದ ಬರಬೇಕು. ರೆಡ್ಡಿಯ ಸೈಕಲ್ಲಿನ ಹಳೆ ಟ್ಯೂಬಿನಿಂದ ಭಾಯಿ ಒಂದು ಉಂಗುರ ಕತ್ತರಿಸಿ ಹಾಕಿದರು. ಅದು ನಡೆಯಿತು, ನಡೆದಿದ್ದಕ್ಕೆ ಹೊಸ ಬೆಲ್ಟು ತರುವ ಮಾತೇ ಬರಲಿಲ್ಲ. ಆದರೆ ಅದು ಜಾರುತ್ತಿತ್ತು. ಅಸಲಿ ನಿಧಾನ ಓಡಿದರೆ ಪ್ರತಿಯೂ ನಿಧಾನ, ದನಿಯೂ ದಪ್ಪ. ಇಡೀ ಪ್ರಪಂಚದಲ್ಲಿ ಆ ಹುಡುಗಿ ಅತ್ತಿದ್ದು ಕೋಲಾರದಲ್ಲಿ ಮಾತ್ರ, ಅದೂ ರೆಡ್ಡಿಯ ಸೈಕಲ್ ಟ್ಯೂಬಿನಿಂದ.

ರೆಡ್ಡಿ ಹೇಳಿದ್ದನ್ನು ಕಾಗದದ ಮೇಲೆ ಬರೆದು ತೋರಿಸಿದೆ. ಶಮೀಮ್ ನಕ್ಕು ನಕ್ಕು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆಮೇಲೆ, "ಭಾಯಿ ಮಾಡಿದ ಮೂರನೇದಿದ್ರೆ ನಂಗಿನ್ನೂ ಕೇಳ್ಸುತ್ತೆ ವಿಜಿ. ದನಿ ದಪ್ಪ ಇರುತ್ತಲ್ಲ. ಪೂರ್ತಿ ಬಾಯಿಪಾಠ ಇದೆ, ಅರ್ಧ ಕೇಳ್ಸಿದ್ರೆ ಸಾಕು, ಮಿಕ್ಕಿದ್ದನ್ನ ನಾನೇ ತುಂಬ್ಕೋತೀನಿ. ಒಂದ್ಸಲ ಕೇಳ್ಬೇಕು ಕಣೇ" ಎಂದಳು.

ನಾನು ರೆಡ್ಡಿಯ ಕಡೆ ನೋಡಿದೆ. ಅವನೂ ನನ್ನ ಕಡೆ ನೋಡಿದ.

ಮುಂದಿನ ಭಾನುವಾರ ರೆಡ್ಡಿಯ ಮಗಳು ಹರಿತ ನರಸಾಪುರದ ಕಂಪನಿಯಲ್ಲಿ ಶಿಫ್ಟ್ ಮುಗಿಸಿ ಬಂದವಳು, "ಅದಕ್ಯಾಕ್ ಇಷ್ಟು ಒದ್ದಾಟ, ಫೋನಲ್ಲೇ ಸ್ಲೋ ಮಾಡ್ಬೋದು" ಎಂದಳು. ಮಾಡಿದಳು. ಎಷ್ಟು ಸ್ಲೋ? ನಾನು ಇಷ್ಟು ಎಂದೆ, ರೆಡ್ಡಿ ಇನ್ನೂ ಎಂದ. "ಅಷ್ಟು ಎಳೀತಿರ್ಲಿಲ್ಲ." "ಎಳೀತಿತ್ತು ಟೀಚರಮ್ಮಾ, ಟ್ಯೂಬು ನಂದು." "ಟ್ಯೂಬು ನಿಮ್ದಾದ್ರೆ ಕಿವಿ ನಂದು." ಒಂದು ಹಾಡಿಗೆ ಒಂದು ಮಧ್ಯಾಹ್ನ ಹೋಯಿತು. ಹರಿತ ಕೊನೆಗೆ, "ಮೂರು ಜನಕ್ಕೂ ಮೂರು ಥರ ಮಾಡಿಕೊಡ್ಲಾ?" ಎಂದು ಕೇಳಿ ಮಲಗಲು ಹೋದಳು. ಪಾಲಿಶ್ ಮಾಡಿದವರು ಡ್ರಮ್ಮನ್ನು ಬೇರೆ ಮುಂದೆ ತಂದು ದನಿಯನ್ನು ಹಿಂದಕ್ಕೆ ತಳ್ಳಿದ್ದರು. ಎಷ್ಟು ನಿಧಾನ ಮಾಡಿದರೂ ಡ್ರಮ್ಮೇ ಧಡ್ ಧಡ್ ಎನ್ನುತ್ತಿತ್ತು. ಶಮೀಮ್ ಪ್ರತಿ ಸಲವೂ ಕಿವಿ ಕೊಟ್ಟು, ಪ್ರತಿ ಸಲವೂ ತಲೆಯಾಡಿಸಿ, "ಇದಲ್ಲ" ಎನ್ನುತ್ತಿದ್ದಳು. ಅವಳಿಗೆ ಬೇಜಾರಿಲ್ಲ, ನಮಗೇ ತಲೆ ಚಿಟ್ಟು ಹಿಡಿಯುತ್ತಿತ್ತು.

ಆ ಸಂಜೆ ನನ್ನ ಬಾಯಿ ಹಿಡಿತ ತಪ್ಪಿತು. "ಕ್ಯಾಸೆಟ್ ಕಳೆದವರು ನೀವು. ಈಗ ಸ್ಪೀಡ್ ಬಗ್ಗೆ ಪಾಠ ಬೇರೆ ಹೇಳ್ತೀರಾ?" ಎಂದುಬಿಟ್ಟೆ. ರೆಡ್ಡಿ ಹಣ್ಣು ಹೆಚ್ಚುತ್ತಿದ್ದ ಚಾಕು ಕೆಳಗಿಟ್ಟು, "ಹುಡುಕ್ತೀನಿ" ಎಂದ.

ಹುಡುಕಿದ. ಮೇ ತಿಂಗಳಿಡೀ ಹುಡುಕಿದ. ಮಂಡಿಯಲ್ಲಿ ಉಸಿರಾಡಲು ಪುರುಸೊತ್ತಿಲ್ಲದ ಕಾಲ ಅದು. ಬೆಳಿಗ್ಗೆ ಹಣ್ಣಿನ ಹರಾಜು ಮುಗಿಸಿ, ಮಧ್ಯಾಹ್ನ ಅಟ್ಟ ಹತ್ತಿ, ಅಕ್ಕತಂಗಿಯರ ಮನೆಗಳಿಗೆಲ್ಲ ಹೋಗಿ, ಎರಡು ಮಾವಿನ ಕ್ರೇಟು ತುಂಬ ಹಳೆ ಕ್ಯಾಸೆಟ್ ತಂದ. ಎಲ್ಲಾ ತೆಲುಗು ಸಿನಿಮಾ ಹಾಡು, ಹರಿಕಥೆ, ಯಾರದೋ ಮದುವೆಯ ನಾದಸ್ವರ. ಒಂದೊಂದನ್ನೂ ಹಾಕಿ ನೋಡಿದೆವು. ನಾನು ಪರೀಕ್ಷೆಯ ಕೊಠಡಿಯಲ್ಲಿ ನಿಂತ ಹಾಗೆ ಅವನ ತಲೆ ಮೇಲೆ ನಿಂತಿದ್ದೆ. ಪ್ರತಿ ಭಾನುವಾರ ಶಮೀಮಳ ಕುರ್ಚಿ ಸ್ಪೀಕರಿಗೆ ಒಂದೊಂದು ಗೇಣು ಹತ್ತಿರ ಬರುತ್ತಿತ್ತು. ಮೇ ಕೊನೆಗೆ ನಾನು ಹೇಳುವುದನ್ನು ಅವಳು ತುಟಿ ನೋಡಿ ತಿಳಿದುಕೊಳ್ಳತೊಡಗಿದ್ದಳು. ಅದನ್ನು ನೋಡಿದಾಗಲೆಲ್ಲ ನನ್ನ ಸಿಟ್ಟು ರೆಡ್ಡಿಯ ಮೇಲೆ ಏರುತ್ತಿತ್ತು.

ಜೂನ್ ನಡುವಿನಲ್ಲಿ, ತೋತಾಪುರಿ ಮಾವು ಮಂಡಿಗೆ ಬರುವ ಹೊತ್ತಿಗೆ, ಅಮ್ಮನ ತಿಥಿಯ ವೈದಿಕಕ್ಕೆಂದು ಮುಳಬಾಗಿಲಿಗೆ ತಮ್ಮನ ಮನೆಗೆ ಹೋಗಿದ್ದೆ. ಊಟವಾದ ಮೇಲೆ ತಮ್ಮನ ಹೆಂಡತಿ ಏನೋ ಮಾತಿಗೆ, "ಅತ್ತೆ ದೇವರ ಕ್ಯಾಸೆಟ್ಟೆಲ್ಲ ಗಂಟು ಕಟ್ಟಿ ದೇವರಾಯಸಮುದ್ರದ ಭಜನೆಯವರಿಗೆ ಕೊಟ್ಟಿದ್ರು, ನೆನಪಿದ್ಯಾ ಅಕ್ಕಾ?" ಎಂದಳು. ದೇವರಾಯಸಮುದ್ರ ಅಮ್ಮನ ತವರು. ಹೂಂ ಎಂದೆ. ಎಂದವಳು ಎಲೆಯಡಿಕೆ ತಟ್ಟೆ ಹಿಡಿದುಕೊಂಡು ಹಾಗೇ ಕೂತೆ.

ದೇವರ ಕ್ಯಾಸೆಟ್. ಅಪ್ಪನ ಮನೆಯಲ್ಲಿ ಇಂಗ್ಲಿಷ್ ಹಾಡು ಎಂದರೆ ಮಡಿ ನೀರಿಗೆ ಕೈ ಅದ್ದಿದ ಹಾಗೆ. ಅದಕ್ಕೇ ಹಾಸ್ಟೆಲಿನಿಂದ ಬರುವಾಗ ಲೇಡಿಯನ್ನು ನಾನು ಸ್ತೋತ್ರದ ಕ್ಯಾಸೆಟ್ಟಿನ ಡಬ್ಬಿಯಲ್ಲಿ ಹಾಕಿಕೊಂಡು ಬರುತ್ತಿದ್ದೆ. ಒಂದು, ಎರಡು ಹಾಗೇ ಬಂದು ಹೋಗಿದ್ದವು. ಮೂರನೆಯದೂ ಬಂದಿತ್ತು. ಎಲ್ಲಿಂದ ಬಂತು ಎನ್ನುವುದೂ ಕಣ್ಣ ಮುಂದೆ ಬಂತು. ಮುಳಬಾಗಿಲು ಬಸ್‌ಸ್ಟ್ಯಾಂಡು, ಪಕ್ಕದಲ್ಲಿ ಅಪ್ಪ, ಸೈಕಲ್ ಹಿಡಿದುಕೊಂಡು ನಿಂತ ರೆಡ್ಡಿ. ಅಪ್ಪ ಬಸ್ಸಿನ ಬೋರ್ಡು ಓದುವಷ್ಟರಲ್ಲಿ ಪೇಪರಿನಲ್ಲಿ ಸುತ್ತಿದ್ದ ಪೊಟ್ಟಣ ನನ್ನ ಚೀಲಕ್ಕೆ ಬಿತ್ತು. ನಾನು ಹೆದರಿ ಬೆವತು, ಮನೆಗೆ ಹೋದ ಕೂಡಲೇ ಡಬ್ಬಿಗೆ ಹಾಕಿ ದೇವರ ಕ್ಯಾಸೆಟ್ಟುಗಳ ನಡುವೆ ತುರುಕಿ, ಪರೀಕ್ಷೆಯ ಗಲಾಟೆಯಲ್ಲಿ ಮರೆತೆ. ಅವನು ಕೊಟ್ಟಿದ್ದ.

ಆಗಲೇ ಎದ್ದು ಹೋಗಬೇಕಿತ್ತು. ಹೋಗಲಿಲ್ಲ. ಮಾಲೂರಿಗೆ ವಾಪಸು ಬಂದು ಐದು ದಿನ ಸುಮ್ಮನೆ ಕೂತೆ. ರೆಡ್ಡಿಗೆ ಏನೆಂದು ಹೇಳಲಿ? ಮರ್ಯಾದೆಯ ಪ್ರಶ್ನೆ. ಆ ಐದು ದಿನಕ್ಕೆ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಆರನೆಯ ದಿನ ದೇವರಾಯಸಮುದ್ರಕ್ಕೆ ಒಬ್ಬಳೇ ಹೋದೆ. ಕೆರೆಯ ಕಡೆಯಿಂದ ಬಿಸಿ ಗಾಳಿ ಬೀಸುತ್ತಿತ್ತು. ಭಜನೆ ಮನೆ ನೋಡಿಕೊಳ್ಳುವ ಮುನಿವೆಂಕಟಪ್ಪನವರಿಗೆ ಎಂಬತ್ತರ ಹತ್ತಿರ ವಯಸ್ಸು. ಸಂಕೋಚದಿಂದಲೇ ವಿಷಯ ಹೇಳಿದೆ. ಅವರು ಹುಬ್ಬೇರಿಸದೆ, "ಆ ಇಂಗ್ಲಿಷ್ ಆಯಮ್ಮನ್ದಾ? ಐತಲ್ಲಮ್ಮಾ" ಎಂದು ಕಪಾಟಿನಿಂದ ಸ್ತೋತ್ರದ ಡಬ್ಬಿ ತೆಗೆದು ಕೊಟ್ಟರು. ಒಳಗೆ ಹಸಿರು ಇಂಕು. "ಒಂದ್ ಕಡೆ ನಮ್ ಭಜನೆ ತುಂಬ್ಕೊಂಡ್ವಿ. ಇನ್ನೊಂದ್ ಕಡೆ ಹಂಗೇ ಬಿಟ್ವಿ. ಪಾಪ, ಆಯಮ್ಮಂಗೇನ್ ಕಷ್ಟವೋ ಏನೋ, ಅದ್ರ ಮೇಲೆ ಭಜನೆ ತುಂಬೋಕೆ ಮನಸ್ ಬರ್ಲಿಲ್ಲ" ಎಂದರು.

ಮರುದಿನವೇ ಕೋಲಾರದಲ್ಲಿ ಶಮೀಮಳ ಮನೆಯಲ್ಲಿ ಸೇರಿದೆವು. ರೆಡ್ಡಿ ತನ್ನ ಹಳೆ ಟೇಪ್ ರೆಕಾರ್ಡರ್ ತಂದಿದ್ದ. ಮೇ ತಿಂಗಳಿಡೀ ಓಡಿಸಿದ್ದಕ್ಕೆ ಅದರ ಬೆಲ್ಟು ಮೆತ್ತಗಾಗಿ ಬೆಲ್ಲದ ಪಾಕದ ಹಾಗೆ ಗಾಲಿಗೆ ಅಂಟಿಕೊಂಡಿತ್ತು. ಕೋಲಾರದ ಯಾವ ಅಂಗಡಿಯಲ್ಲೂ ಅಂಥದ್ದು ಸಿಗಲಿಲ್ಲ. ಅವನು ಏನು ಮಾಡಿರಬಹುದು? ಪಕ್ಕದ ಪಂಕ್ಚರ್ ಅಂಗಡಿಯಿಂದ ಒಂದು ಸೈಕಲ್ ಟ್ಯೂಬು ತಂದು ಉಂಗುರ ಕತ್ತರಿಸಿದ. ಬೇಡ ಎನ್ನುವ ಹಕ್ಕು ನನಗಿರಲಿಲ್ಲ. ಶಮೀಮ್ ಎಲ್ಲಿಂದಲೋ ಸ್ಪಿರಿಟ್ ಬಾಟ್ಲಿ ಹುಡುಕಿ ತಂದು, ಅಣ್ಣನ ಹಾಗೇ ಹತ್ತಿಗೆ ಅದ್ದಿ, ಹೆಡ್ ಒರೆಸಿದಳು.

ರೆಡ್ಡಿ ಕ್ಯಾಸೆಟ್ ಹಾಕಿ ಗುಂಡಿ ಒತ್ತಿದ. ತಾಳದ ಸದ್ದು, ಆಮೇಲೆ ಭಜನೆ. ಅವನು ನಿಲ್ಲಿಸಿ, ಕ್ಯಾಸೆಟ್ ಹೊರಗೆ ತೆಗೆದು, ಡಬ್ಬಿಯ ಮೇಲಿನ ದೇವರ ಚಿತ್ರ ನೋಡಿದ. "ಇದೆಲ್ಲಿ ಸಿಕ್ತು?" ಎಂದ.

ಹೇಳಿದೆ. ಬಸ್‌ಸ್ಟ್ಯಾಂಡು, ಅಪ್ಪ, ಪೊಟ್ಟಣ, ಐದು ದಿನ ಸುಮ್ಮನೆ ಕೂತದ್ದು, ಎಲ್ಲವನ್ನೂ. ನಿಮ್ಮ ತಪ್ಪೇನೂ ಇರಲಿಲ್ಲ, ತಪ್ಪೆಲ್ಲ ನನ್ನದು ಎಂದೆ. ಅವನು ಬೈದಿದ್ದರೆ ಚೆನ್ನಾಗಿತ್ತು. "ಒಂದು ತಿಂಗಳು ಅಟ್ಟ ಹತ್ತಿದ್ನಲ್ಲ ಟೀಚರಮ್ಮಾ" ಎಂದಷ್ಟೇ ಹೇಳಿ ಕ್ಯಾಸೆಟ್ಟನ್ನು ತಿರುಗಿಸಿ ಹಾಕಿದ.

ಲೇಡಿ ಹಾಡಿದಳು. ಮೊದಲೇ ನಿಧಾನವಿದ್ದ ಕ್ಯಾಸೆಟ್ಟು, ಈಗ ಓಡುತ್ತಿದ್ದುದೂ ಜಾರುವ ಟ್ಯೂಬಿನಲ್ಲಿ. ನಿಧಾನದ ಮೇಲೆ ನಿಧಾನ. ದನಿ ಬಾವಿಯ ತಳದಿಂದ ಬಂತು. ನನ್ನ ನೆನಪಿನದೂ ಅದಲ್ಲ, ರೆಡ್ಡಿಯ ನೆನಪಿನದೂ ಅಲ್ಲ, ಭಾಯಿ ಮಾಡಿದ್ದಂತೂ ಅಲ್ಲವೇ ಅಲ್ಲ. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಶಮೀಮ್ ಟೇಪಿಗೆ ಕಿವಿ ಒತ್ತಿಕೊಂಡು ಕಣ್ಣು ಮುಚ್ಚಿದವಳು, ತುಟಿಯಲ್ಲೇ ಹಾಡತೊಡಗಿದಳು. ಮಾತಿಗೆ ಮಾತು ಕೂಡಿತು, ಎಲ್ಲೂ ತಪ್ಪಲಿಲ್ಲ. ಒಂದು ಹಾಡು ಮುಗಿದು ಇನ್ನೊಂದು ಶುರುವಾಯಿತು, ಅದನ್ನೂ ಹಿಡಿದಳು. "ಇದೇ! ಇದೇ ಕಣೇ ವಿಜಿ! ಭಾಯೀದು ಹಿಂಗೇ ಇತ್ತು, ಅಲ್ವಾ?" ಎಂದು ಕೂಗಿದಳು. ತನ್ನ ದನಿ ಎಷ್ಟು ಗಟ್ಟಿ ಎಂದು ಅವಳಿಗೆ ಗೊತ್ತಾಗುತ್ತಿರಲಿಲ್ಲ.

ರೆಡ್ಡಿ ನನ್ನನ್ನು ನೋಡಿದ. ನಾನು ಅವನನ್ನು ನೋಡಿದೆ. "ಹೂಂ ಕಣೇ, ಇದೇ" ಎಂದೆ.

ಅವಳು ಅದನ್ನು ಹನ್ನೆರಡು ದಿನ ಕೇಳಿದಳು. ನೀಲಂ ಹಣ್ಣು ಮಂಡಿಗೆ ಬರುವ ಹೊತ್ತಿಗೆ, ಒಂದು ಬೆಳಿಗ್ಗೆ ಎದ್ದಾಗ, ಬಲಗಿವಿಯಲ್ಲೂ ಏನೂ ಇರಲಿಲ್ಲ. ಕ್ಯಾಸೆಟ್ ಅಷ್ಟೂ ದಿನ ಆ ಭಜನೆ ಮನೆಯ ಕಪಾಟಿನಲ್ಲೇ ಇತ್ತು. ನಾನು ರೆಡ್ಡಿಯ ಮೇಲೆ ಹರಿಹಾಯುವುದನ್ನು ಬಿಟ್ಟು ಒಂದು ಸಲ, ಒಂದೇ ಒಂದು ಸಲ, ತಪ್ಪು ನನ್ನದಿರಬಹುದೇ ಎಂದು ಕೇಳಿಕೊಂಡಿದ್ದರೆ ಅವಳಿಗೆ ಹನ್ನೆರಡಲ್ಲ, ಅರವತ್ತು ದಿನ ಸಿಗುತ್ತಿತ್ತು. ನಲವತ್ತೆಂಟು ದಿನ ನಾನು ತಿಂದೆ. ಗಣಿತದ ಮೇಷ್ಟ್ರು, ಕಳೆಯುವ ಲೆಕ್ಕ ಚೆನ್ನಾಗಿ ಬರುತ್ತದೆ.

ಈ ವರ್ಷವೂ ಮಾವು ಬಂದಿದೆ. ಭಾನುವಾರ ಕೋಲಾರಕ್ಕೆ ಹೋದರೆ ರೆಡ್ಡಿ ಆಗಲೇ ಬಂದು ಕೂತಿರುತ್ತಾನೆ. ಶಮೀಮ್ ಹತ್ತಿಗೆ ಸ್ಪಿರಿಟ್ ಅದ್ದಿ ಹೆಡ್ ಒರೆಸಿ, ನಮಗೋಸ್ಕರ ಲೇಡಿಯನ್ನು ಹಾಕುತ್ತಾಳೆ. ಟ್ಯೂಬು ತಿಂಗಳಿಂದ ತಿಂಗಳಿಗೆ ಸಡಿಲವಾಗುತ್ತಿದೆ. ಹೊಸ ಉಂಗುರ ಕತ್ತರಿಸೋಣ ಎಂದರೆ ಅವಳು ಕೈ ಅಡ್ಡ ಹಿಡಿಯುತ್ತಾಳೆ, ತಾನು ಕೇಳಿದ ಬೆಲ್ಟು ಅದೇ ಇರಲಿ ಎನ್ನುತ್ತಾಳೆ. ಹೋದ ಭಾನುವಾರ ಅದು ಗಂಡಸೊಬ್ಬ ನಿದ್ದೆಯಲ್ಲಿ ನರಳಿದಂತಿತ್ತು, ರಾಗ ಯಾವುದೆಂದೇ ಗೊತ್ತಾಗಲಿಲ್ಲ. ಶಮೀಮ್ ನಮ್ಮಿಬ್ಬರ ತುಟಿಗಳನ್ನೇ ನೋಡುತ್ತಾ, "ಸ್ಪೀಡ್ ಸರಿಯಾಗಿದ್ಯಾ?" ಎಂದು ಕೇಳಿದಳು. ಕೂದಲೆಳೆಯಷ್ಟು ಸ್ಪೀಡಿಗೆ ಒಂದಿಡೀ ಮಧ್ಯಾಹ್ನ ಜಗಳ ಆಡಿದವರು ನಾವು.

"ಸರಿಯಾಗಿದೆ" ಎಂದೆ, ಅವಳಿಗೆ ಕಾಣುವ ಹಾಗೆ, ಒಂದೊಂದೇ ಅಕ್ಷರ, ತುಂಬ ನಿಧಾನವಾಗಿ.